‘ಕನ್ನಡಕವೇ ಬೇಡ’ ಅಂದರೆ ಸ್ವಲ್ಪ ತಡೆಯಿರಿ

ಹೋದ ವರ್ಷ ನನ್ನ ಬಲಗಣ್ಣಿಗೆ ಪೊರೆ ಆಪರೇಷನ್ ಆಯಿತು. ಡಾಕ್ಟರ ಕೈಗುಣದ ಬಗ್ಗೆ ದೂರಿಲ್ಲ. ಎಡವಟ್ಟಾಗಿದ್ದು ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ಲೆನ್ಸ್ ಆರಿಸುವಾಗ. ಆರಿಸಿದ್ದು ಡಾಕ್ಟರ ಎದುರಲ್ಲೂ ಅಲ್ಲ, ಪಕ್ಕದ ಕೌನ್ಸೆಲಿಂಗ್ ರೂಮಿನಲ್ಲಿ.

ಅಲ್ಲಿ ಲ್ಯಾಮಿನೇಷನ್ ಮಾಡಿದ ಚಾರ್ಟು, ಹೋಟೆಲ್ ಮೆನು ಥರ. ಮೊನೋಫೋಕಲ್ 28 ಸಾವಿರ, ಮಲ್ಟಿಫೋಕಲ್ 75 ಸಾವಿರ. ‘ಮೊನೋಫೋಕಲ್ ಹಳೇ ಕಾಲದ್ದು ಸಾರ್, ಓದೋಕೆ ಚಾಳೀಸು ಬೇಕೇ ಬೇಕು. ಮಲ್ಟಿಫೋಕಲ್‌ನಲ್ಲಿ ದೂರ, ಹತ್ತಿರ ಎರಡೂ ಕಾಣುತ್ತೆ. ಕನ್ನಡಕವೇ ಬೇಡ’ ಅಂದಳು ಅಲ್ಲಿದ್ದ ಕೌನ್ಸೆಲರ್ ಹುಡುಗಿ. ಇಪ್ಪತ್ತು ವರ್ಷ ಚಾಳೀಸು ಹುಡುಕಿ ಸಾಕಾಗಿದ್ದವನಿಗೆ ಇನ್ನೇನು ಬೇಕು? ಮಗಳು ಬೇರೆ ಫೋನಿನಲ್ಲಿ ‘ಕಣ್ಣಿನ ವಿಷಯದಲ್ಲಿ ದುಡ್ಡಿನ ಮುಖ ನೋಡಬೇಡಿ ಅಪ್ಪಾ’ ಅಂದಳು. ಹತ್ತು ನಿಮಿಷದಲ್ಲಿ ಸಹಿ ಹಾಕಿದೆ. (ಇನ್ಶೂರೆನ್ಸ್‌ನವರು ಸಾದಾ ಲೆನ್ಸಿನ ಲೆಕ್ಕಕ್ಕಷ್ಟೇ ಕೊಟ್ಟರು. ಉಳಿದದ್ದು ನನ್ನ ಜೇಬಿಂದ.)

ರಾತ್ರಿ ಕಾರು ಓಡಿಸ್ತೀರಾ ಅಂತ ಯಾರೂ ಕೇಳಲಿಲ್ಲ. ಶುಗರ್ ಎಷ್ಟಿದೆ ಅಂತ ಕೇಳಿದರು, ಅದು ಆಪರೇಷನ್ನಿಗೆ. ಲೆನ್ಸಿಗೂ ಶುಗರಿಗೂ ಸಂಬಂಧ ಇದೆ ಅಂತ ನನಗೇನು ಗೊತ್ತು?

ಒಂದು ತಿಂಗಳಾದ ಮೇಲೆ ಸಂಜೆ ಹಾಸನದಿಂದ ಸಕಲೇಶಪುರಕ್ಕೆ ಹೊರಟೆ. ಎದುರಿಗೆ ಬಂದ ಲಾರಿಯ ಒಂದೊಂದು ಹೆಡ್‌ಲೈಟ್ ಸುತ್ತಲೂ ಬಳೆ ಜೋಡಿಸಿಟ್ಟ ಹಾಗೆ ಉಂಗುರ. ಎರಡು ದೀಪದ ಬಳೆಗಳೂ ಒಂದರೊಳಗೊಂದು ಕಲೆತು, ಪಕ್ಕದಲ್ಲಿ ಬರುತ್ತಿದ್ದ ಬೈಕು ಕಾಣಲೇ ಇಲ್ಲ. ಬೈಕು ಹಾದು ಹೋದ ಮೇಲೆ ಎದೆ ಝಲ್ಲೆಂದಿತು. ಗಾಡಿ ಬದಿಗೆ ಹಾಕಿ ಅಳಿಯನಿಗೆ ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ‘ಕೆಲವು ತಿಂಗಳು ಕಾಯಿರಿ, ಮೆದುಳು ಹೊಂದಿಕೊಳ್ಳುತ್ತೆ’ ಅಂದರು. ಸುಳ್ಳಲ್ಲ, ಎಷ್ಟೋ ಜನಕ್ಕೆ ಹೊಂದಿಕೊಳ್ಳುತ್ತೆ. ನಮ್ಮ ಪಕ್ಕದ ಮನೆಯವರಿಗೆ ಇದೇ ಥರದ ಲೆನ್ಸು, ಆರಾಮಾಗಿದ್ದಾರೆ. ಅವರಿಗೆ ಶುಗರ್ ಇಲ್ಲ, ಕತ್ತಲಾದರೆ ಮನೆ ಬಿಟ್ಟು ಹೊರಡುವವರೂ ಅಲ್ಲ. ನನಗೆ ಆರು ತಿಂಗಳಾದರೂ ಬಳೆ ಹೋಗಲಿಲ್ಲ. ಬೆಳಕು ಕಡಿಮೆಯಾದರೆ ಇನ್ನೊಂದು ಪೇಚು. ಬಿಳಿ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದರೆ ಎಲ್ಲಿವರೆಗೆ ತುಂಬಿತು ಅಂತ ಗೊತ್ತಾಗದು. ಎರಡು ಸಲ ಟೇಬಲ್ ಮೇಲೆ ಚೆಲ್ಲಿದೆ.

ಇನ್ನೊಂದು ಸಲ ಹೋದಾಗ ಲೆನ್ಸಿನ ಹಿಂದೆ ಸ್ವಲ್ಪ ಪೊರೆ ಬಂದಿದೆ, ಅದನ್ನು ಸೀಳೋಕೆ ಯಾಗ್ ಅನ್ನೋ ಲೇಸರ್ ಮಾಡಿಬಿಡೋಣ ಅಂದರು. (ಹೋಮ ಹವನದ ಯಾಗ ಅಲ್ಲ.) ನಾನು ಬೇರೆ ಊರಿನ ಡಾಕ್ಟರ ಹತ್ತಿರ ಹೋದೆ. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಇದು. ಅವರು ಮೊದಲು ಕೇಳಿದ್ದು ಯಾವ ಲೆನ್ಸ್ ಹಾಕಿದ್ದು ಅಂತ ಹೇಳುವ ಸ್ಟಿಕ್ಕರ್. ಪುಣ್ಯಕ್ಕೆ ಬಿಲ್ಲಿನ ಫೈಲಿನಲ್ಲಿತ್ತು. ‘ಲೆನ್ಸ್ ಬದಲಾಯಿಸೋ ಯೋಚನೆ ಇದ್ದರೆ ಈಗ ಯಾಗ್ ಬೇಡ. ಲೇಸರ್ ಹೊಡೆದರೆ ಲೆನ್ಸ್ ಕೂತಿರೋ ಚೀಲದ ಹಿಂಭಾಗ ತೂತಾಗುತ್ತೆ, ಆಮೇಲೆ ಲೆನ್ಸ್ ತೆಗೆಯೋದು ಕಷ್ಟ’ ಅಂದರು.

ಆಮೇಲೆ ಓಸಿಟಿ ಸ್ಕ್ಯಾನ್ ಮಾಡಿಸಿದರು, ಅಂದರೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಪದರಗಳನ್ನು ತೋರಿಸುವ ಪರೀಕ್ಷೆ. ಮೊದಲ ಆಸ್ಪತ್ರೆಯಲ್ಲಿ ಇದನ್ನು ಮಾಡಿರಲೇ ಇಲ್ಲ. ಶುಗರಿನಿಂದ ರೆಟಿನಾದ ನಡುಭಾಗ ಸ್ವಲ್ಪ ಹಾಳಾಗಿತ್ತು. ಮಲ್ಟಿಫೋಕಲ್ ಲೆನ್ಸು ಬೆಳಕನ್ನು ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಅಂತ ಹಂಚುತ್ತದೆ. ಯಾವುದಕ್ಕೂ ಪೂರ್ತಿ ಸಿಗುವುದಿಲ್ಲ. ರೆಟಿನಾ ಗಟ್ಟಿಯಿದ್ದರೆ ನಿಭಾಯಿಸುತ್ತದೆ. ನನ್ನಂಥವರಿಗೆ ಸಾಮಾನ್ಯವಾಗಿ ಇದನ್ನು ಹಾಕುವುದಿಲ್ಲವಂತೆ. ಬದಲಾಯಿಸಲು ಮತ್ತೆ ಕಣ್ಣು ತೆರೆದರೆ ರೆಟಿನಾ ಊದಿಕೊಳ್ಳುವ ಭಯ ಬೇರೆ. ಹಾಗೇ ಬಿಟ್ಟಿದ್ದೇನೆ.

ಎರಡು ತಿಂಗಳ ಹಿಂದೆ ಎಡಗಣ್ಣಿಗೂ ಆಯಿತು. ಈ ಸಲ ಸಾದಾ ಮೊನೋಫೋಕಲ್, ಇಂಡಿಯಾದ್ದೇ. ‘ಲೋಕಲ್ ಲೆನ್ಸ್ ಬೇಡ ಸಾರ್’ ಅಂತ ಆ ಹುಡುಗಿ ಹೆದರಿಸಿದ್ದು ನೆನಪಾಯಿತು. ತಮಿಳುನಾಡಿನ ಮದುರೈನ ಅರೋಲ್ಯಾಬ್ ಸಂಸ್ಥೆ 1992ರಿಂದ ಲೆನ್ಸ್ ಮಾಡುತ್ತಿದೆ, ನೂರಕ್ಕೂ ಜಾಸ್ತಿ ದೇಶಕ್ಕೆ ಹೋಗುತ್ತವೆ. ಲೋಕಲ್ ಅಂತೆ!

ರಾತ್ರಿ ಗೇಟು ಹಾಕಲು ಹೋದಾಗ ಬಲಗಣ್ಣು ಮುಚ್ಚಿ ಬೀದಿ ದೀಪ ನೋಡುತ್ತೇನೆ. ದೀಪ ದೀಪವಾಗಿಯೇ ಕಾಣುತ್ತದೆ. ಆ ಕಣ್ಣು ಬಿಟ್ಟರೆ ಮತ್ತೆ ಬಳೆ ಅಂಗಡಿ. ಕಾರಿನ ಕೀ ಅಳಿಯನ ಹತ್ತಿರವೇ ಇದೆ.