ಹಿಡಿಕೆ ಎಷ್ಟು ಇಳಿಸಬೇಕು? ಸೇಫ್ಟಿ ರೇಜರ್‌ನ ಕೋನ ಹುಡುಕುವ ನಾಲ್ಕು ದಾರಿಗಳ ಹೋಲಿಕೆ

ಮೈಸೂರಿನ ಯಾವುದೇ ಸಲೂನ್‌ಗೆ ಹೋಗಿ, ಕುರ್ಚಿಗೆ ಒರಗಿ ಕೂತು, ಕನ್ನಡಿಯಲ್ಲಿ ಕೆಲಸ ನೋಡಿ. ಬ್ಲೇಡನ್ನು ಉದ್ದಕ್ಕೆ ಎರಡು ಹೋಳು ಮಾಡುತ್ತಾರೆ, ಒಂದು ಹೋಳನ್ನು ಕತ್ತಿಗೆ ಸಿಕ್ಕಿಸುತ್ತಾರೆ, ಎರಡು ಬೆರಳಿನಿಂದ ಕೆನ್ನೆಯ ಚರ್ಮ ಬಿಗಿದು ಕತ್ತಿಯನ್ನು ಹೆಚ್ಚುಕಡಿಮೆ ಮಲಗಿಸಿಯೇ ಎಳೆಯುತ್ತಾರೆ. ವರ್ಷಗಟ್ಟಲೆ ನೋಡಿದ ಆ ಭಂಗಿ ಕಣ್ಣಲ್ಲಿ ಕೂತುಬಿಟ್ಟಿರುತ್ತದೆ. ಮನೆಯಲ್ಲಿ ಸೇಫ್ಟಿ ರೇಜರ್ ಹಿಡಿದ ಮೊದಲ ದಿನ ಕೈ ಅದನ್ನೇ ಮಾಡಲು ಹೋಗುತ್ತದೆ, ಹಿಡಿಕೆಯನ್ನು ಕೆನ್ನೆಗೆ ಒರಗಿಸುತ್ತದೆ. ಉರಿ, ಕೆಂಪು ಚುಕ್ಕೆ, ಗೀರು ಎಲ್ಲ ಅಲ್ಲಿಂದಲೇ ಶುರು.

ಸಲೂನ್‌ನಲ್ಲಿ ಕೆನ್ನೆ ಮೇಲೆ ಮಲಗಿದ್ದದ್ದು ಬ್ಲೇಡು. ಸೇಫ್ಟಿ ರೇಜರ್‌ನಲ್ಲಿ ಬ್ಲೇಡು ಹಿಡಿಕೆಗೆ ಅಡ್ಡಡ್ಡ ಕೂತಿರುತ್ತದೆ. ಹಾಗಾಗಿ ಹಿಡಿಕೆ ಮಲಗಿಸಿದಷ್ಟೂ ಬ್ಲೇಡು ಎದ್ದು ನಿಲ್ಲುತ್ತದೆ. ಬ್ಲೇಡು ಪೂರ್ತಿ ಚಪ್ಪಟೆಯಾಗಿದೆ ಎಂದುಕೊಂಡರೆ, ಹಿಡಿಕೆ ಮುಖಕ್ಕೆ 30 ಡಿಗ್ರಿಯಲ್ಲಿದ್ದಾಗ ಬ್ಲೇಡು ಚರ್ಮಕ್ಕೆ 60 ಡಿಗ್ರಿಯಲ್ಲಿರುತ್ತದೆ. ಅದು ಕೂದಲು ಕತ್ತರಿಸುವ ಕೋನವಲ್ಲ, ಚರ್ಮ ಕೆರೆಯುವ ಕೋನ. ಈ ಒಂದು ವಿಷಯ ತಲೆಗೆ ಹೋದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ, ಅಂದರೆ ಸರಿಯಾದ ಜಾಗ ಎಲ್ಲಿದೆ ಎಂದು ಕೈಗೆ ಕಲಿಸಲು, ನಾಲ್ಕು ದಾರಿಗಳಿವೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದ ಫಲಿತಾಂಶ ಇಲ್ಲಿದೆ.

ಮೊದಲು ಭಾಗಗಳ ಹೆಸರು. ಮೇಲಿನ ಉಬ್ಬಿದ ತುಂಡು ಕ್ಯಾಪ್. ಕೆಳಗಿನದು ಪ್ಲೇಟು, ಅದರ ಅಂಚಿನ ಪಟ್ಟಿ ಗಾರ್ಡ್. ಎರಡರ ನಡುವೆ ಸಿಕ್ಕಿಕೊಂಡಿರುವುದು ಸುಮಾರು 0.1 ಮಿಲಿಮೀಟರ್ ದಪ್ಪದ ಬ್ಲೇಡು. ಗಿಲೆಟ್‌ಗೆ ಅಮೆರಿಕದಲ್ಲಿ 1904ರಲ್ಲಿ ಪೇಟೆಂಟ್ ಸಿಕ್ಕ ರೇಜರ್‌ನಿಂದ ಇವತ್ತಿನದರವರೆಗೂ ಮೂಲ ಉಪಾಯ ಇದೇ: ತೆಳು ಬ್ಲೇಡನ್ನು ಎರಡು ತುಂಡುಗಳ ನಡುವೆ ಬಿಗಿದು, ಅಂಚು ಮಾತ್ರ ಹೊರಗಿಣುಕುವಂತೆ ಮಾಡುವುದು. ಹಿಡಿಕೆ ಮುಖದಿಂದ ನೆಟ್ಟಗೆ ಹೊರಕ್ಕೆ ಚಾಚಿದಾಗ ಕ್ಯಾಪ್ ಮಾತ್ರ ತಾಗುತ್ತದೆ, ಬ್ಲೇಡು ತಾಗುವುದಿಲ್ಲ. ಹಿಡಿಕೆ ಬಹಳ ಇಳಿದಾಗ ಗಾರ್ಡ್ ಮೇಲೆಯೇ ಭಾರ ಬಿದ್ದು ಬ್ಲೇಡು ಎದ್ದುಕೊಳ್ಳುತ್ತದೆ. ನಮಗೆ ಬೇಕಾದ ಜಾಗ ಇವೆರಡರ ಮಧ್ಯೆ. ಮೊದಲ ತುದಿಯ ಕಡೆಗಿರುವುದನ್ನು ಮಲಗಿದ ಕೋನ, ಎರಡನೆಯದರ ಕಡೆಗಿರುವುದನ್ನು ಎದ್ದ ಕೋನ ಎಂದು ಕರೆಯೋಣ.

ಹೋಲಿಕೆಗೆ ಇಟ್ಟುಕೊಂಡ ನಿಯಮ ಇಷ್ಟೇ. ಎರಡು ದಿನದ ಗಡ್ಡ, ಪ್ರತಿ ಸಲ ಹೊಸ ಬ್ಲೇಡು, ಒಂದೇ ಸೋಪು, ಒಂದು ಕೆನ್ನೆಗೆ ಒಂದು ದಾರಿ, ಇನ್ನೊಂದಕ್ಕೆ ಇನ್ನೊಂದು. ಮುಂದಿನ ಶೇವ್‌ನಲ್ಲಿ ಕೆನ್ನೆ ಅದಲು ಬದಲು. ಬಲಗೈಯವರಿಗೆ ಎರಡು ಕೆನ್ನೆಗೂ ಮಣಿಕಟ್ಟು ತಿರುಗುವ ರೀತಿ ಬೇರೆ, ಆದ್ದರಿಂದ ಅದಲು ಬದಲು ಮಾಡದ ಹೋಲಿಕೆಗೆ ಬೆಲೆಯಿಲ್ಲ. ಒತ್ತಡವಂತೂ ರೇಜರ್‌ನ ತೂಕದಷ್ಟೇ.

ಮೊದಲನೆಯದು ಎಲ್ಲರ ಬಾಯಲ್ಲೂ ಇರುವ 30 ಡಿಗ್ರಿ. ಚೌಕ ಕಾಗದದ ಒಂದು ಮೂಲೆಯನ್ನು ಮೂರು ಸಮಪಾಲಾಗಿ ಮಡಚಿದರೆ 30 ಡಿಗ್ರಿಯ ಅಳತೆ ಸಿಗುತ್ತದೆ. ಅದನ್ನು ಕನ್ನಡಿಗೆ ಅಂಟಿಸಿಕೊಂಡು, ಮುಖದಿಂದ ನೆಟ್ಟಗೆ ಚಾಚಿದ ಹಿಡಿಕೆಯನ್ನು ಅದಕ್ಕೆ ಸರಿಯಾಗಿ ಇಳಿಸಬಹುದು. ತೊಂದರೆ ಎರಡು. ಪಕ್ಕದ ಕೆನ್ನೆಯನ್ನು ಒಂದೇ ಕನ್ನಡಿಯಲ್ಲಿ ಸರಿಯಾಗಿ ನೋಡಲಾಗದು. ಅದಕ್ಕಿಂತ ದೊಡ್ಡದು, ಆ 30 ಬ್ಲೇಡಿಗೂ ಚರ್ಮಕ್ಕೂ ನಡುವಿನ ಲೆಕ್ಕ, ಹಿಡಿಕೆಯ ಲೆಕ್ಕವಲ್ಲ. ಕ್ಯಾಪಿನ ಉಬ್ಬಿಗೆ ಸಿಕ್ಕಿ ಬ್ಲೇಡು ಬಾಗಿರುತ್ತದೆ, ಅದರ ಅಂಚು ಹಿಡಿಕೆಯ ಕಡೆಗೆ ಇಳಿದಿರುತ್ತದೆ. ಹಾಗಾಗಿ ಹಿಡಿಕೆಯನ್ನು 30 ಇಳಿಸಿದಾಗ ಬ್ಲೇಡಿಗೆ ಸಿಗುವುದು ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎನ್ನುವುದು ಆಯಾ ರೇಜರ್‌ನ ಉಬ್ಬಿನ ಮೇಲಿದೆ. ಒಂದರಲ್ಲಿ ಚೆನ್ನಾಗಿ ಕತ್ತರಿಸಿದ ಅದೇ ಹಿಡಿಕೆಯ ಕೋನ ಇನ್ನೊಂದರಲ್ಲಿ ಬರೀ ನೊರೆ ಒರೆಸಿತು. ಕಾಗದದ ಅಳತೆಯಿಂದ ಒಂದು ಉಪಯೋಗ ಇದೆ: ಹಿಡಿಕೆ ಮುಖಕ್ಕಿಂತ ಎಷ್ಟು ದೂರ ಇರಬೇಕು ಎಂಬ ಅಂದಾಜು ಕಣ್ಣಿಗೆ ಸಿಗುತ್ತದೆ. ತಲೆಯನ್ನೇ ಬದಲಿಸುವ ಕಾರ್ಟ್ರಿಡ್ಜ್ ರೇಜರ್ ಬಳಸಿ ಬಂದವರಿಗೆ ಆ ದೂರವೇ ಆಶ್ಚರ್ಯ. ಅಲ್ಲಿ ಕೋನವನ್ನು ಕಂಪನಿಯೇ ಕೂರಿಸಿ ಕೊಟ್ಟಿರುತ್ತದೆ, ತಲೆ ತಾನೇ ತಿರುಗಿಕೊಳ್ಳುತ್ತದೆ, ಒತ್ತಿದರೂ ನಡೆಯುತ್ತದೆ.

ಎರಡನೆಯದು ಕ್ಯಾಪ್‌ನಿಂದ ಇಳಿಯುವುದು. ನಮ್ಮ ಪಾಲಿಗೆ ಗೆದ್ದದ್ದು ಇದು, ಆದ್ದರಿಂದ ಬಿಡಿಸಿ ಹೇಳಬೇಕು. ಕಿವಿಯ ಮುಂದಿನ ಕೃದಾದ ಕೆಳಗೆ, ಕೆನ್ನೆಯ ಚಪ್ಪಟೆ ಭಾಗದಲ್ಲಿ ಕ್ಯಾಪ್ ಊರಿ. ಹಿಡಿಕೆ ಗೋಡೆಗೆ ಹೊಡೆದ ಗೂಟದ ಹಾಗೆ ಮುಖದಿಂದ ನೆಟ್ಟಗೆ ಹೊರಕ್ಕೆ ಚಾಚಿರಲಿ. ಕೆಳಗೆ 2 ಸೆಂಟಿಮೀಟರ್ ಎಳೆಯಿರಿ. ಏನೂ ಕತ್ತರಿಸುವುದಿಲ್ಲ, ಕತ್ತರಿಸಬಾರದು. ಈಗ ಹಿಡಿಕೆಯ ತುದಿಯನ್ನು ಅರ್ಧ ಬೆರಳಿನಷ್ಟು ಇಳಿಸಿ ಪಕ್ಕದ ಜಾಗದಲ್ಲಿ ಮತ್ತೆ ಎಳೆಯಿರಿ. ಮಾಮೂಲಿ ಉದ್ದದ ಹಿಡಿಕೆಯಲ್ಲಿ ತುದಿ ಒಂದು ಬೆರಳಗಲ ಇಳಿದರೆ ಕೋನ ಸುಮಾರು 10 ಡಿಗ್ರಿ ಬದಲಾಗುತ್ತದೆ, ಅಂದರೆ ಅರ್ಧ ಬೆರಳಿಗೆ 5. ಹೀಗೆ ಇಳಿಸುತ್ತ ಹೋದಾಗ ಒಂದು ಎಳೆತದಲ್ಲಿ ಕೂದಲು ಕತ್ತರಿಸುವ ಸದ್ದು ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಸ್ವಲ್ಪ ಇಳಿಸಿದರೆ ಇನ್ನೂ ನುಣುಪಾಗುತ್ತದೆ ಅನ್ನಿಸುತ್ತದೆ, ಅದಕ್ಕೆ ಕಿವಿಗೊಡಬೇಡಿ. ಪ್ರತಿ ಸಲ ಪಕ್ಕದ ಜಾಗ ಅಂದದ್ದಕ್ಕೂ ಕಾರಣ ಇದೆ: ಅದೇ ಜಾಗದಲ್ಲಿ ನಾಲ್ಕು ಸಲ ಎಳೆದರೆ ನೊರೆ ಹೋಗಿರುತ್ತದೆ, ಕೋನ ಸರಿಹೋಗುವ ಹೊತ್ತಿಗೆ ಚರ್ಮ ಬರಿದಾಗಿರುತ್ತದೆ.

ಎಳೆದ ಜಾಗವನ್ನು ಹತ್ತಿರದಿಂದ ನೋಡಿ, ನೊರೆಯೇ ಲೆಕ್ಕ ಒಪ್ಪಿಸುತ್ತದೆ. ಕೋನ ತೀರ ಮಲಗಿದ್ದರೆ ರೇಜರ್ ಹೋದ ಹಾದಿಯಲ್ಲಿ ತೆಳು ಬಿಳಿ ಪದರ ಉಳಿದಿರುತ್ತದೆ, ಅದರೊಳಗೆ ಗಡ್ಡದ ಕರಿಚುಕ್ಕೆಗಳು ಹಾಗೇ ನಿಂತಿರುತ್ತವೆ. ಸರಿ ಇದ್ದರೆ ಹಾದಿ ಒದ್ದೆ ಒದ್ದೆಯಾಗಿ ಹೊಳೆಯುತ್ತದೆ, ಎರಡು ಬದಿಯ ನೊರೆಯ ಅಂಚು ಗೆರೆ ಎಳೆದಂತೆ ಇರುತ್ತದೆ. ಎದ್ದ ಕೋನದಲ್ಲಿ ಗಾರ್ಡ್ ಮುಂದೆ ಮುಂದೆ ಹೋಗಿ ನೊರೆಯನ್ನೆಲ್ಲ ತಳ್ಳಿಬಿಡುತ್ತದೆ, ಗಾರ್ಡಿನ ಮುಂದೆ ಚರ್ಮ ಸಣ್ಣ ಮಡಿಕೆಯಾಗಿ ಸುಕ್ಕುಗಟ್ಟುತ್ತದೆ, ಹಿಂದೆ ಬರುವ ಬ್ಲೇಡಿಗೆ ಒಣ ಚರ್ಮ ಸಿಗುತ್ತದೆ. ಆ ಸುಕ್ಕು ಕಂಡರೆ ಕೈ ತಕ್ಷಣ ನಿಲ್ಲಬೇಕು.

ಈ ದಾರಿ ಗೆಲ್ಲಲು ಕಾರಣ ಬೇರೇನಲ್ಲ, ಇದರಲ್ಲಿ ತಪ್ಪು ಮಾಡಿದರೆ ನಷ್ಟ ಇಲ್ಲ. ತಪ್ಪಿದಷ್ಟೂ ಹೊತ್ತು ಬ್ಲೇಡು ಚರ್ಮದಿಂದ ದೂರವೇ ಇರುತ್ತದೆ. ಒಂದೇ ಅಪಾಯ, ಕತ್ತರಿಸುತ್ತಿಲ್ಲ ಎಂದು ಇಳಿಸುವುದರ ಬದಲು ಒತ್ತುವುದು. ಒತ್ತಿದಾಗ ಚರ್ಮ ಕ್ಯಾಪಿಗೂ ಗಾರ್ಡಿಗೂ ನಡುವೆ ಉಬ್ಬಿ ಬ್ಲೇಡಿಗೆ ಸಿಗುತ್ತದೆ. ಆಗ ಕತ್ತರಿಸುತ್ತದೆ ನಿಜ, ಕೂದಲಿನ ಜೊತೆ ಚರ್ಮವನ್ನೂ.

ಮೂರನೆಯದು ಅದರ ಉಲ್ಟಾ, ಗಾರ್ಡ್‌ನಿಂದ ಏರುವುದು. ಹಿಡಿಕೆ ಮುಖದ ಹತ್ತಿರ, ಗಾರ್ಡ್ ಚರ್ಮಕ್ಕೆ ಊರಿ, ಬ್ಲೇಡು ತಾಗುವವರೆಗೆ ಹಿಡಿಕೆಯನ್ನು ನಿಧಾನವಾಗಿ ಹೊರಕ್ಕೆ ಏರಿಸುವುದು. ಲೆಕ್ಕಕ್ಕೆ ಎರಡೂ ಒಂದೇ ಜಾಗಕ್ಕೆ ಬಂದು ಸೇರಬೇಕು. ಸೇರುವುದಿಲ್ಲ. ಬ್ಲೇಡು ಮೊದಲು ತಾಗುವುದೇ ಎದ್ದ ಕೋನದಲ್ಲಿ, ಅಲ್ಲೂ ಅದು ಕತ್ತರಿಸುತ್ತದೆ, ಕತ್ತರಿಸಿತಲ್ಲ ಎಂದು ಕೈ ಅಲ್ಲೇ ನಿಂತುಬಿಡುತ್ತದೆ. ಕೆನ್ನೆಯಲ್ಲಿ ಅದು ನುಣುಪಾಗಿಯೇ ಕಂಡಿತು. ಕತ್ತಿನಲ್ಲಿ ಮಾತ್ರ ಪಟಿಕ ತಿಕ್ಕಿದಾಗ ಉರಿಯ ಗೆರೆ ಎಲ್ಲೆಲ್ಲಿ ಎಂದು ಬಿಡಿಬಿಡಿಯಾಗಿ ಗೊತ್ತಾಯಿತು. (ಪಟಿಕ ಒಳ್ಳೆಯ ಪರೀಕ್ಷಕ. ಶೇವ್ ಆದ ಮೇಲೆ ಒದ್ದೆ ಮುಖಕ್ಕೆ ತಿಕ್ಕಿ, ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಕೋನ ಅಥವಾ ಒತ್ತಡ ತಪ್ಪಿದೆ.) ಬ್ಲೇಡು ಕಂಪಿಸುವುದೂ ಈ ಕೋನದಲ್ಲೇ ಹೆಚ್ಚು, ಹಿಡಿಕೆ ಹಿಡಿದ ಬೆರಳಿಗೆ ಅದು ಸಣ್ಣ ನಡುಕವಾಗಿ ಗೊತ್ತಾಗುತ್ತದೆ.

ಆದರೆ ಮೀಸೆ ಬಿಡುವವರು ಈ ದಾರಿಯನ್ನು ಪೂರ್ತಿ ಬಿಡಬಾರದು. ಮೀಸೆಯ ಕೆಳಗಂಚು, ಕೃದಾದ ಕೊನೆ, ಇಂಥ ಕಡೆ ಗೆರೆ ಎಲ್ಲಿ ಶುರುವಾಗಬೇಕು ಎಂಬುದೇ ಮುಖ್ಯ. ಕ್ಯಾಪ್‌ನಿಂದ ಇಳಿಯುವಾಗ ಅಂಚು ಕ್ಯಾಪಿನ ಅಡಿ ಅಡಗಿರುತ್ತದೆ, ಎರಡು ಮೂರು ಕೂದಲು ಅತ್ತಿತ್ತ ಆಗುತ್ತದೆ. ಗಾರ್ಡ್ ಕಡೆಯಿಂದ ಬಂದರೆ ಗೆರೆ ಕಣ್ಣಿಗೆ ಸಿಗುತ್ತದೆ. ಅರ್ಧ ಸೆಂಟಿಮೀಟರ್‌ನ ಎಳೆತ, ಒಂದೇ ಸಲ, ಅಷ್ಟಕ್ಕೆ ಮಾತ್ರ.

ನಾಲ್ಕನೆಯದು ಕಿವಿ. ಫ್ಯಾನು ನಿಲ್ಲಿಸಿ, ನಲ್ಲಿ ಮುಚ್ಚಿ. ಸರಿಯಾದ ಕೋನದಲ್ಲಿ ಎರಡು ದಿನದ ಗಡ್ಡ ಕತ್ತರಿಸುವಾಗ ಸರ್‌ಸರ್ ಎಂಬ ಬಿಡಿಬಿಡಿ ಸದ್ದು ಬರುತ್ತದೆ. ಮಲಗಿದ್ದರೆ ಸದ್ದೇ ಇಲ್ಲ, ಎದ್ದಿದ್ದರೆ ಕೆರೆತದ ಒರಟು ಸದ್ದು. ಕಲಿತವರಿಗೆ ಇದು ಬಹಳ ಒಳ್ಳೆಯ ಕಾವಲು, ಕಲಿಯುವವರಿಗೆ ಒಂಟಿಯಾಗಿ ಸಾಲದು. ಎರಡನೇ ಸುತ್ತಿನಲ್ಲಿ ಕೂದಲೇ ಗಿಡ್ಡ, ಸದ್ದು ತೀರ ಕಡಿಮೆ. ಕೆಲವು ರೇಜರ್‌ಗಳಲ್ಲಿ ಮೊದಲ ಸುತ್ತಿನಲ್ಲೂ ಸದ್ದು ಅಡಗಿರುತ್ತದೆ. ಎರಡನೆಯ ದಾರಿಯ ಜೊತೆ ಸೇರಿಸಿಕೊಂಡರೆ ಇದರ ಪೂರ್ತಿ ಬೆಲೆ ಸಿಗುತ್ತದೆ.

ರೇಜರ್ ಬದಲಾದರೆ ಜಾಗವೂ ಬದಲಾಗುತ್ತದೆ. ಕ್ಯಾಪಿಗೂ ಗಾರ್ಡಿಗೂ ಒಂದು ಗೆರೆ ಎಳೆದರೆ, ಬ್ಲೇಡಿನ ಅಂಚು ಆ ಗೆರೆ ದಾಟಿ ಹೊರಬಂದಿರುವ ಚುರುಕು ರೇಜರ್‌ಗಳು ಹಿಡಿಕೆ ಸ್ವಲ್ಪ ಇಳಿದ ಕೂಡಲೇ ಕತ್ತರಿಸುತ್ತವೆ. ಅಂಚು ಗೆರೆಯ ಒಳಗೇ ಇರುವ ಸೌಮ್ಯ ರೇಜರ್‌ಗಳಲ್ಲಿ ಸರಿಯಾದ ಜಾಗ ಬಹಳ ಕಿರಿದು, ಹುಡುಕಲು ತಾಳ್ಮೆ ಬೇಕು, ಆದರೆ ತಪ್ಪಿದರೂ ಕ್ಷಮಿಸುತ್ತವೆ. ಕಲಿಯಲು ಎರಡನೆಯದನ್ನೇ ಕೊಳ್ಳಿ. ಬಾಚಣಿಗೆಯಂಥ ಹಲ್ಲಿನ ಗಾರ್ಡ್ ಇರುವವು ನೊರೆಯನ್ನು ಹಲ್ಲಿನ ಸಂದಿಯಿಂದ ಬಿಟ್ಟುಕೊಡುತ್ತವೆ, ವಾರದ ಗಡ್ಡಕ್ಕೆ ಅವೇ ಸರಿ.

ಒಂದು ಬದಿಯಲ್ಲಿ ಸಿಕ್ಕ ಕೋನ ರೇಜರ್ ತಿರುಗಿಸಿದ ಕೂಡಲೇ ಕೆಟ್ಟರೆ ಕೈಯನ್ನು ಬೈಯಬೇಡಿ, ಬ್ಲೇಡು ಓರೆ ಕೂತಿದೆ. ಮೂರು ತುಂಡಿನ ರೇಜರ್‌ನಲ್ಲಿ ಕ್ಯಾಪನ್ನು ಬೋರಲು ಹಾಕಿ, ಬ್ಲೇಡು, ಪ್ಲೇಟು ಇಟ್ಟು, ಅಂಚು ಮುಟ್ಟದಂತೆ ಎರಡು ಕೊನೆಗಳಲ್ಲಿ ಒತ್ತಿ ಹಿಡಿದು ಹಿಡಿಕೆ ಬಿಗಿಯಿರಿ. ಆಮೇಲೆ ಬೆಳಕಿಗೆ ಹಿಡಿದು ಎರಡು ಕಡೆಯೂ ಅಂಚು ಸಮನಾಗಿ ಇಣುಕುತ್ತಿದೆಯೇ ನೋಡಿ.

ನೀರಿನ ಮಾತೂ ಇಲ್ಲೇ ಬರುತ್ತದೆ. ಮೈಸೂರಿನಲ್ಲಿ ಕಾವೇರಿ, ಕಬಿನಿ ನಲ್ಲಿ ನೀರು ಬರುವ ಮನೆಗಳಲ್ಲಿ ನೊರೆ ಬೇಗ ಕಟ್ಟುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನ ಜೊತೆ ಸೇರಿ ಗಸಿಯಾಗುತ್ತವೆ, ನೊರೆ ಒಡೆದು ನೀರಾಗುತ್ತದೆ. ಆಗ ಕೋನ ಸರಿ ಇದ್ದರೂ ರೇಜರ್ ತಡವರಿಸುತ್ತದೆ, ನೀವು ಕೋನವನ್ನೇ ಅನುಮಾನಿಸುತ್ತೀರಿ. ಒಂದು ಚೊಂಬು ಆರ್‌ಒ ಫಿಲ್ಟರ್ ನೀರು ಅಥವಾ ಹಿಡಿದಿಟ್ಟ ಮಳೆನೀರನ್ನು ನೊರೆಗಾಗಿಯೇ ಇಟ್ಟುಕೊಳ್ಳಿ. ತಲೆ ಚಿಟ್ಟೆಯ ರೆಕ್ಕೆಯಂತೆ ತೆರೆಯುವ ರೇಜರ್‌ಗಳಲ್ಲಿ ಆ ಗಸಿ ರೆಕ್ಕೆಯಡಿ ಗಟ್ಟಿಯಾದರೆ ರೆಕ್ಕೆ ಪೂರ್ತಿ ಮುಚ್ಚುವುದಿಲ್ಲ, ಬ್ಲೇಡಿನ ಬಾಗು ಬದಲಾಗುತ್ತದೆ, ಕೋನವೂ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ವಾರಕ್ಕೊಮ್ಮೆ ಉಜ್ಜಿದರೆ ಸಾಕು. ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ: ಅಗ್ಗದ ರೇಜರ್‌ಗಳ ತಲೆ ಹೆಚ್ಚಾಗಿ ಸತುವಿನ ಮಿಶ್ರಲೋಹ, ಮೇಲಿನ ಲೇಪ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಹುಳಿ ಒಳಗಿನ ಲೋಹವನ್ನು ತಿನ್ನುತ್ತದೆ.

ಕತ್ತು ಕೊನೆಗೆ, ಕಷ್ಟವೂ ಅದೇ. ಕೆನ್ನೆಯಲ್ಲಿ ಸಿಕ್ಕ ಕೋನವನ್ನು ಹಾಗೇ ಹಿಡಿದು ದವಡೆಯ ಅಂಚು ದಾಟಿದರೆ, ಹಿಡಿಕೆ ಅಲ್ಲಾಡದಿದ್ದರೂ ಚರ್ಮವೇ ಒಳಕ್ಕೆ ತಿರುಗಿರುತ್ತದೆ, ಬ್ಲೇಡಿನ ಕೋನ ಬದಲಾಗಿರುತ್ತದೆ. ದವಡೆಯಲ್ಲಿ ನಿಲ್ಲಿಸಿ, ತಲೆ ಎತ್ತಿ, ಚರ್ಮವನ್ನು ಕೆಳಕ್ಕೆ ಎಳೆದು ಚಪ್ಪಟೆ ಮಾಡಿ, ಮತ್ತೆ ಗೂಟದ ಸ್ಥಿತಿಯಿಂದ ಶುರು ಮಾಡಿ. ಗಂಟಲಗಂಟಿನ ಮೇಲೆ ಎಳೆಯುವುದು ಬೇಡ. ಅಲ್ಲಿನ ಚರ್ಮವನ್ನು ಪಕ್ಕಕ್ಕೆ ಸರಿಸಿ ಮೆತ್ತನೆಯ ಜಾಗದಲ್ಲಿ ಶೇವ್ ಮಾಡಿ. ಕತ್ತಿನ ಕೆಳಭಾಗದಲ್ಲಿ ಕೂದಲು ಮೇಲಕ್ಕೋ ಪಕ್ಕಕ್ಕೋ ಬೆಳೆದಿರುವುದುಂಟು, ಒಣ ಗಡ್ಡದ ಮೇಲೆ ಬೆರಳಾಡಿಸಿ ಮೊದಲೇ ದಿಕ್ಕು ನೋಡಿಕೊಳ್ಳಿ. ಮೇಲ್ಮುಖವಾಗಿ ಎಳೆಯಬೇಕಾದಾಗ ಹಿಡಿಕೆಯೂ ಮೇಲಕ್ಕೆ ವಾಲಬೇಕು, ಏಕೆಂದರೆ ರೇಜರ್ ಹೋಗುವ ಕಡೆಗೇ ಹಿಡಿಕೆ ವಾಲಿದರೆ ಮಾತ್ರ ಅಂಚು ಚರ್ಮಕ್ಕೆ ಸಿಗುತ್ತದೆ. ಗದ್ದ ಅಡ್ಡ ಬಂದು ಹಿಡಿಕೆಗೆ ಜಾಗ ಸಾಲದಿದ್ದರೆ ಆ ಭಾಗವನ್ನು ಅಡ್ಡಡ್ಡ, ಕಿವಿಯ ಕಡೆಯಿಂದ ಗಂಟಲ ಕಡೆಗೆ, ಒಂದೊಂದು ಸೆಂಟಿಮೀಟರ್‌ನಂತೆ ಎಳೆದುಕೊಳ್ಳಿ.