ಸಿರ್ಕಾ ಜಾರಿಗೆ ಡ್ರಿಲ್ ಬ್ರಷ್ ಹಾಕಬ್ಯಾಡ್ರಿ

ಕಬ್ಬಿನ ಹಾಲು ತುಂಬಿದ 20 ಲೀಟರಿನ ಗಾಜಿನ ಜಾರು, ಸಿರ್ಕಾಕ್ಕೆಂದು (ವಿನೆಗರ್‌ಗೆಂದು) ಎತ್ತಿಡುವಾಗ ತಳ ಕಳಚಿ ಬಿತ್ತು. ಹಾಲು ಹೋಯಿತು, ಕಾಲಿಗೆ ಹೊಲಿಗೆಯೂ ಬಿತ್ತು. ಚೂರುಗಳನ್ನು ಬಿಸಿಲಿಗೆ ಹಿಡಿದರೆ ಒಳಮೈ ತುಂಬ ದುಂಡಗೆ ಎಳೆದ ಗೀರುಗಳು. ಹಿಂದಿನ ಸಲ ಅದನ್ನು ತೊಳೆದದ್ದು ಮನೆಯಲ್ಲೇ ಕಟ್ಟಿದ ಬ್ರಷ್‌ನಿಂದ: ಸೈಕಲ್ ಕಡ್ಡಿ, ಅದರ ತುದಿಗೆ ಬೈಂಡಿಂಗ್ ತಂತಿಯಲ್ಲಿ ಬಿಗಿದ ಸ್ಟೀಲ್ ಸ್ಕ್ರಬ್ಬರ್, ಹಿಂದೆ ಡ್ರಿಲ್ ಮಷೀನು. ತೊಳೆದಾಗ ಜಾರು ಫಳಫಳ ಅಂತಿತ್ತು, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ.

ಗಾಜು ತೊಳೆಯುವಾಗಲೇ ಒಡೆದರೆ ಪುಣ್ಯ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ತೆಳುವಾದ ಕಡ್ಡಿ ವೇಗ ಹೆಚ್ಚಿದಂತೆ ಬಾಗಿ, ನಟ್ಟನಡುವೆ ತಿರುಗದೆ ಓಲಾಡುತ್ತದೆ. ತುದಿ ಹೋಗಿ ಹೋಗಿ ಬಡಿಯುವುದು ಜಾರಿನ ಭುಜಕ್ಕೆ ಮತ್ತು ತಳದ ಅಂಚಿಗೆ. ತುಂಬಿದ ಮೇಲೆ 20 ಕಿಲೋಗೂ ಹೆಚ್ಚಿನ ಭಾರ ಬೀಳುವುದೂ ಆ ಅಂಚಿನ ಮೇಲೇ. ಗೀರಿನ ತುದಿಯಲ್ಲಿ ಎಳೆತವೆಲ್ಲ ಒಂದೆಡೆ ಸೇರಿ ಸೀಳು ಓಡುತ್ತದೆ. ಇನ್ನು ತಂತಿ ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿದ್ದರೆ ಅದರ ಸತು ಹುಳಿಗೆ ಕರಗುತ್ತದೆ; ಸ್ಕ್ರಬ್ಬರಿನ ಎಳೆ ತುಂಡಾಗಿ ಒಳಗೇ ಉಳಿದರೆ ಸಿರ್ಕಾ ಕಪ್ಪಾಗಬಹುದು. ಬಚ್ಚಲಲ್ಲಿ ಒದ್ದೆ ಕೈಯಲ್ಲಿ ಪ್ಲಗ್ಗಿನ ಡ್ರಿಲ್ ಹಿಡಿಯುವುದರ ಬಗ್ಗೆ ಬೇರೆ ಹೇಳಬೇಕೇ?

ಕೆಲವರು ಡ್ರಿಲ್ ಬಿಟ್ಟು ಹೊಳೆಯ ಮರಳು ಹಾಕಿ ಕುಲುಕುತ್ತಾರೆ. ಮರಳು ಗಾಜಿಗಿಂತ ಗಟ್ಟಿ, ಅದೂ ಗೀರುತ್ತದೆ. ಒಂದು ಬೊಗಸೆ ಜೋಳ, ಎರಡು ಲೀಟರು ನೀರು ಹಾಕಿ ಕುಲುಕಿದರೆ ಅಷ್ಟೇ ಕೆಲಸ ಆಗುತ್ತದೆ, ಗಾಜಿಗೆ ಏನೂ ಆಗುವುದಿಲ್ಲ.

ಆದರೂ ನಿಜವಾದ ಕೆಲಸ ಮಾಡುವುದು ನೆನೆಸುವಿಕೆ. ನೊರೆ ಒಣಗಿ ಕಟ್ಟಿದ ಕಂದು ಉಂಗುರಕ್ಕೆ ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ), ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಬಾಯಿವರೆಗೆ ತುಂಬಿ ರಾತ್ರಿಯಿಡೀ ಬಿಡಿ. ಕೈಗೆ ರಬ್ಬರ್ ಗವಸು ಇರಲಿ. ಇಲ್ಲೊಂದು ನಮ್ಮ ಕಡೆಯ ತೊಡಕು: ಗಡಸು ಬೋರ್ ನೀರಿಗೆ ಸೋಡಾ ಹಾಕಿದರೆ ಸುಣ್ಣ ಬಿಟ್ಟುಕೊಂಡು ಗಾಜಿಗೆ ಬಿಳಿ ಪೊರೆ ಹಿಡಿಯುತ್ತದೆ. ಅದನ್ನು ಕೊಳೆ ಎಂದುಕೊಂಡೇ ಜನ ಮತ್ತೆ ಉಜ್ಜಲು ಹೋಗುವುದು. ಆರ್‌ಓ ನೀರು ಬಳಸಿರಿ. ಇಲ್ಲವೆಂದರೆ ಸೋಡಾ ತೊಳೆದ ಮೇಲೆ ಲೀಟರಿಗೆ 10 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಅರ್ಧ ತಾಸು ಇಡಿ, ಪೊರೆ ತಾನೇ ಕರಗುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಬುರುಗು ಬಂದು ಒಂದನ್ನೊಂದು ಕೊಂದುಕೊಳ್ಳುತ್ತವೆ, ಅಷ್ಟೇ. ಬ್ಲೀಚ್ ಮತ್ತು ಹುಳಿ ಮಾತ್ರ ಯಾವ ಕಾರಣಕ್ಕೂ ಸೇರಬಾರದು: ಕ್ಲೋರಿನ್ ಅನಿಲ ಏಳುತ್ತದೆ. ಹಳೆಯ ಸಿರ್ಕಾ ತಳದಲ್ಲಿದ್ದರೂ ಸಾಕು. ಕೊನೆಗೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಒಂದು ಲೋಟ ಒಳ್ಳೆ ಸಿರ್ಕಾ ಸುತ್ತ ಆಡಿಸಿ ಚೆಲ್ಲಿರಿ.

ಚೆಲ್ಲುವಾಗ ಶಹಾಬಾದ್ ಕಲ್ಲಿನ ನೆಲ ನೋಡಿಕೊಳ್ಳಿ. ಅದು ಸುಣ್ಣಕಲ್ಲು, ಹುಳಿ ಬಿದ್ದಲ್ಲಿ ಹೊಳಪು ಸತ್ತು ಕಲೆ ನಿಲ್ಲುತ್ತದೆ. ಜಾರನ್ನೂ ಬರಿ ಕಲ್ಲಿನ ಮೇಲೆ ಕುಕ್ಕದೆ ಗೋಣಿಚೀಲ ಹಾಸಿ ಇಡಿ, ಕುತ್ತಿಗೆ ಹಿಡಿದು ಎತ್ತಬ್ಯಾಡ್ರಿ. ಮೇ ತಿಂಗಳ ಕಲಬುರಗಿ ಬಿಸಿಲಿಗೆ ಮಾಳಿಗೆ ಮೇಲೆ ಒಣಗಿಸಿದ ಜಾರಿಗೆ ತಣ್ಣೀರು ಸುರಿದರೆ ಗೀರಿಲ್ಲದಿದ್ದರೂ ಸೀಳಬಹುದು.

ಈಗಾಗಲೇ ಡ್ರಿಲ್ ತಿರುಗಿಸಿದ್ದರೆ? ಉದ್ದ ಕೋಲಿನ ತುದಿಗೆ ಹತ್ತಿ ಸುತ್ತಿ ಒಳಮೈ ಸವರಿರಿ, ಎಳೆ ಸಿಕ್ಕಿದ ಕಡೆ ಗೀರಿದೆ. ಕತ್ತಲಲ್ಲಿ ಒಳಗೆ ಟಾರ್ಚ್ ಬಿಟ್ಟರೆ ಇನ್ನೂ ಸ್ಪಷ್ಟ. ಗೀರಿದ್ದ ಜಾರನ್ನು ನೀರಿಗೂ ಬಳಸದೆ ಗೋಣಿಯಲ್ಲಿ ಸುತ್ತಿ ಗುಜರಿಗೆ ಹಾಕಿ, ಒಳಗೆ ಗಾಜಿದೆ ಎಂದು ಒಯ್ಯುವವನಿಗೆ ಹೇಳಿರಿ.