ಕಾರ್ನ್ ಸ್ಟೀಮರ್ ಅಂತ ಮಾರ್ತಿರೋ ಮೊಳೆ ಡಬ್ಬಿ, ದಯವಿಟ್ಟು ಹುಷಾರು

ಅಮೆರಿಕದಲ್ಲಿರೋ ನಮ್ಮೋರು, ಅದ್ರಲ್ಲೂ ವೀಕೆಂಡ್ ಬಂತು ಅಂದ್ರೆ ಎಸ್ಟೇಟ್ ಸೇಲ್, ಗ್ಯಾರೇಜ್ ಸೇಲ್ (ಮನೆಯ ಹಳೇ ಸಾಮಾನು ಮಾರೋದು) ಅಂತ ಸುತ್ತೋ ಚಟ ಇರೋರು ಒಂದ್ಸಲ ಓದಿ. ಉದ್ದನೆ ಪ್ಲಾಸ್ಟಿಕ್ ಟ್ರೇ, ಮೇಲೊಂದು ಕವರ್, ಒಳಗೆ ಎದುರುಬದುರಾಗಿ ಎರಡು ಸಾಲು ಚೂಪು ಮೊಳೆಗಳು, ಹಿಂದೆ ಎರಡು ಪಿನ್ನಿನ ವಯರ್. ಸ್ವಿಚ್ ಇಲ್ಲ, ಬಿಸಿ ಮಾಡೋ ಕಾಯಿಲ್ ಇಲ್ಲ, ತಿರುಗಿಸೋ ನಾಬ್ ಇಲ್ಲ. ಇಂಥದ್ದು ಕಣ್ಣಿಗೆ ಬಿದ್ರೆ ಮಾರೋನು ಏನೇ ಹೆಸ್ರು ಹೇಳ್ಲಿ ನಂಬ್ಬೇಡಿ.

ನಮಗೆ ಹೇಳಿದ್ದು "ಹಳೇ ಕಾಲದ ಕಾರ್ನ್ ಸ್ಟೀಮರ್, ತಳಕ್ಕೆ ಸ್ವಲ್ಪ ನೀರು ಹಾಕಿ ಪ್ಲಗ್ ಚುಚ್ಚಿದ್ರೆ ಆಯ್ತು" ಅಂತ. ಕಂಪನಿ ಲೇಬಲ್ ಕಿತ್ತುಹೋಗಿತ್ತು, ಅಂಟಿನ ಗುರುತು ಮಾತ್ರ ಇತ್ತು. ಊರಿಂದ ಬಂದಿದ್ದ ಅತ್ತಿಗೆಗೆ ಮುಸುಕಿನ ಜೋಳ ಅಂದ್ರೆ ಪ್ರಾಣ, ಸಿಂಕ್ ಪಕ್ಕದಲ್ಲೇ ಇಟ್ಕೊಂಡು ತುಂಡು ಮಾಡಿದ ಜೋಳ ಮೊಳೆಗೆ ಸಿಗಿಸಿ ಅವನು ಹೇಳಿದ ಹಾಗೇ ಪ್ಲಗ್ ಹಾಕಿದ್ರು, ಒಂದು ತುಂಡು ವಾಲಿಕೊಂಡಿದೆ ಅಂತ ಸರಿ ಮಾಡೋಕೆ ಕೈ ಹಾಕಿದ್ರು, ಇನ್ನೊಂದು ಕೈ ನಲ್ಲಿ ಮೇಲಿತ್ತು. "ಅಯ್ಯಮ್ಮಾ" ಅಂತ ಕಿರುಚಿದ್ದು, ಗೋಡೆ ಔಟ್‌ಲೆಟ್ ಟಕ್ ಅಂದಿದ್ದು ಒಟ್ಟಿಗೇ ಕೇಳಿಸ್ತು. ದೇವರ ದಯೆ, ತೋಳು ಜೋಮು ಹಿಡಿದಿದ್ದು ಬಿಟ್ರೆ ಇನ್ನೇನೂ ಆಗ್ಲಿಲ್ಲ, ಆದ್ರೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸೋವರೆಗೂ ಮನೇಲಿ ಯಾರಿಗೂ ಜೀವ ಇರ್ಲಿಲ್ಲ.

ವಾಪಸ್ ಬಂದು ಸ್ಕ್ರೂ ಬಿಚ್ಚಿ ನೋಡ್ದೆ. ಕವರ್ ಸರಿಯಾಗಿ ಕೂತ್ರೆ ಮಾತ್ರ ಮೊಳೆಗೆ ಕರೆಂಟ್ ಹೋಗ್ಬೇಕು, ಅದಕ್ಕೇ ಅಂತ ಒಳಗೆ ಎರಡು ಹಿತ್ತಾಳೆ ಪಟ್ಟಿ ಇದೆ. ಯಾರೋ ಪುಣ್ಯಾತ್ಮ ಎರಡಕ್ಕೂ ಸೇರಿಸಿ ತಾಮ್ರದ ವಯರ್ ಸುತ್ತಿ ಮೇಲೆ ಕಪ್ಪು ಟೇಪ್ ಹಾಕಿದ್ದಾನೆ! ಟೇಪ್ ಇನ್ನೂ ಹೊಸದು, ಹೊಳೀತಿತ್ತು. ಅಂದ್ರೆ ಕವರ್ ತೆಗೆದ್ರೂ ಅಷ್ಟೂ ಮೊಳೆ ಲೈವು.

ಅಸಲಿಗೆ ಇದು ಹಾಟ್ ಡಾಗ್ (ಬನ್ನಿನ ಮಧ್ಯೆ ಇಟ್ಟು ತಿನ್ನೋ ಮಾಂಸದ ಸಾಸೇಜು) ಬೇಯಿಸೋ ಮೆಷಿನ್ನು. 1970ರ ದಶಕದಲ್ಲಿ ಇಲ್ಲಿ ಸಿಕ್ಕಾಪಟ್ಟೆ ಓಡಿತ್ತು. ವಿಸ್ಕಾನ್ಸಿನ್‌ನ ಪ್ರೆಸ್ಟೋ ಕಂಪನಿಯ ಹಾಟ್ ಡಾಗರ್ ಇದ್ರಲ್ಲಿ ಫೇಮಸ್ಸು, 60 ಸೆಕೆಂಡಿಗೆ ಆರು ಹಾಟ್ ಡಾಗ್ ಅಂತ ಜಾಹೀರಾತು. ಬೇರೆಯವ್ರೂ ಇಂಥದ್ದೇ ಮಾಡಿದ್ರು, ನಮ್ಮದು ಯಾರದ್ದೋ ಗೊತ್ತಾಗೋ ಹಾಗೇ ಇಲ್ಲ. ಒಂದು ಸಾಲು ಮೊಳೆ ಕರೆಂಟಿನ ಒಂದು ತುದಿ, ಎದುರು ಸಾಲು ಇನ್ನೊಂದು ತುದಿ, ಮಧ್ಯೆ ಸಾಸೇಜು. ಅದ್ರಲ್ಲಿ ಉಪ್ಪು, ನೀರು ಎರಡೂ ಇರೋದ್ರಿಂದ ಕರೆಂಟು ಅದ್ರೊಳಗೇ ಹರಿದು ಒಳಗಿಂದ್ಲೇ ಬೇಯುತ್ತೆ, ಸಾಸೇಜೇ ಕಾಯಿಲ್ಲು. ಐಡಿಯಾ ಏನೋ ಚೆನ್ನಾಗಿದೆ ಅನ್ನಿ. ಆದ್ರೆ ಇದಕ್ಕೆ ಹೋಗಿ ನೀರು ಹಾಕಿ ಅಂತ ಹೇಳೋದಾ?

ಒಂದು ವಿಷಯ ಮಾತ್ರ ನೆನಪಿಟ್ಕೊಳ್ಳಿ. ಅತ್ತಿಗೇನ ಉಳಿಸಿದ್ದು ಸಿಂಕ್ ಹತ್ರ ಇದ್ದ ಜಿಎಫ್‌ಸಿಐ ಔಟ್‌ಲೆಟ್ಟು, ಅದೇ ಟೆಸ್ಟ್, ರೀಸೆಟ್ ಬಟನ್ ಇರುತ್ತಲ್ಲ, ಅದು. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಸುಮಾರು 5 ಮಿಲಿಆಂಪ್ ವ್ಯತ್ಯಾಸ ಬಂದ್ರೆ ಕಟ್ ಮಾಡುತ್ತೆ. ಮೊಳೆಯಿಂದ ಕೈಗೆ, ಕೈಯಿಂದ ನಲ್ಲಿಗೆ ಸೋರಿತು, ಕಟ್ ಆಯ್ತು. ಅದೇ ಎರಡೂ ಕೈ ಎರಡು ಸಾಲಿಗೆ ತಾಗಿದ್ದಿದ್ರೆ? ಹೋದಷ್ಟು ಕರೆಂಟು ಎದೆ ದಾಟಿ ವಾಪಸ್ ಬರ್ತಾ ಇರುತ್ತೆ, ಲೆಕ್ಕ ಸರಿಯಾಗೇ ಇರುತ್ತೆ, ಜಿಎಫ್‌ಸಿಐ ಪಾಲಿಗೆ ನೀವೂ ಒಂದು ಸಾಸೇಜೇ, ಸುಮ್ನೆ ಬಿಟ್ಬಿಡುತ್ತೆ. ಎಷ್ಟೋ ಹಳೇ ಮನೆಗಳಲ್ಲಂತೂ ಈ ಔಟ್‌ಲೆಟ್ಟೇ ಇರಲ್ಲ.

ಮಲ್ಟಿಮೀಟರ್ ಇದ್ರೆ ಪ್ಲಗ್ಗಿನ ಎರಡು ಪಿನ್ನಿಗೆ ಹಿಡಿದು ನೋಡಿ, ಗೋಡೆಗೆ ಹಾಕದೇ. ಕಾಯಿಲ್ ಇರೋ ಸಾಮಾನು ಕರೆಂಟಿಗೆ ಎಷ್ಟು ತಡೆ ಇದೆ ಅಂತ ಓಮ್ ಲೆಕ್ಕದಲ್ಲಿ ತೋರಿಸುತ್ತೆ, ಇಲ್ಲಿನ 120 ವೋಲ್ಟಿಗೆ 1000 ವ್ಯಾಟಿಂದಾದ್ರೆ 14ರ ಆಸುಪಾಸು. ಈ ಡಬ್ಬಿ ಖಾಲಿ ಇದ್ದಾಗ ಏನೂ ತೋರಿಸಲ್ಲ, ಮಧ್ಯೆ ಸಾಸೇಜು ಇಲ್ವಲ್ಲ. ಅದನ್ನ ನೋಡಿ ಸತ್ತಿದೆ, ಮಕ್ಕಳು ಆಡ್ಕೊಳ್ಳಲಿ ಅಂದ್ಕೊಂಡ್ರೆ ಮುಗೀತು ಕಥೆ.

ಇನ್ನು ಊರಿಗೆ ಹೋಗ್ವಾಗ ಶೋಕೇಸಿಗೆ ಅಂತ ತಗೊಂಡು ಹೋಗೋರು ವಯರ್ ಕತ್ತರಿಸಿಯೇ ಹೋಗಿ. ಟ್ರಾವೆಲ್ ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತೆ, ವೋಲ್ಟೇಜ್ ಅಲ್ಲ. ಊರಿನ 230 ವೋಲ್ಟಿಗೆ ಹಾಕಿದ್ರೆ ಪವರ್ ಮೂರೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ.

ಮಾರಿದೋನ ಹತ್ರ ಹೋಗಿ ಆ ತಾಮ್ರದ ವಯರ್ ತೋರಿಸಿ ಕೇಳಿದ್ರೆ, ಬಿಲ್ ಮೇಲಿದ್ದ "ಇದ್ದ ಹಾಗೇ ಮಾರಾಟ, ವಾಪಸ್ ಇಲ್ಲ" ಅನ್ನೋ ಸಾಲಿನ ಮೇಲೆ ಬೆರಳಿಟ್ಟ. ದುಡ್ಡು ಹಾಳಾಗ್ಲಿ ಬಿಡಿ. ಅವನ ಟೇಬಲ್ ಮೇಲೆ ಅದೇ ಥರದ್ದು ಇನ್ನೊಂದಿತ್ತು, ಕಿತ್ತಳೆ ಬಣ್ಣದ್ದು, ಚೀಟಿ ಮೇಲೆ ಮತ್ತೆ "ಕಾರ್ನ್ ಸ್ಟೀಮರ್" ಅಂತಲೇ ಬರೆದಿದ್ದ. ಶಿಕಾಗೋ ಕಡೆ ಈ ಶನಿವಾರ ಸೇಲಿಗೆ ಹೊರಟಿರೋರು ಯಾರಾದ್ರೂ ಇದ್ರೆ ಕಿತ್ತಳೆ ಡಬ್ಬಿ ಮುಟ್ಬೇಡಿ.